ಮೂವತ್ತು ಸಾವಿರದ ಇಂಟರ್‌ಕೂಲರ್: ಆಕ್ಟೇವಿಯಾ ವಿಆರ್‌ಎಸ್‌ನ ಬಿಸಿ ಇಳಿಸಿದ್ದು ಹೇಗೆ

ಮೂರನೇ ಸುತ್ತಿನಲ್ಲಿ ಫೋನಿನ ಪರದೆ ಮೇಲೆ 71 ಕಾಣಿಸಿತು. ಇಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ ಅದು. ಹೊರಗೆ 36 ಡಿಗ್ರಿ. ಮೊದಲ ಸುತ್ತಿನಲ್ಲಿ ಬೆನ್ನನ್ನು ಸೀಟಿಗೆ ಒತ್ತಿದ ಕಾರು ಈಗ ಮನಸ್ಸಿಲ್ಲದ ಮನಸ್ಸಿನಿಂದ ಎಳೆಯುತ್ತಿತ್ತು. ಕಾಲು ಪೂರ್ತಿ ಒತ್ತಿದೆ, ಸದ್ದೂ ಅದೇ ಇದೆ, ಆದರೆ ನೇರ ದಾರಿ ಮುಗಿಯುವ ಹೊತ್ತಿಗೆ ಮುಂಚಿನ ವೇಗ ಬರುತ್ತಿಲ್ಲ. ಪಿಟ್‌ಗೆ ಬಂದು ನಿಲ್ಲಿಸಿದೆ. ನಿಂತ ಮೇಲೆ 71 ಇಳಿಯಬೇಕಲ್ವಾ? ಇಳಿಯಲಿಲ್ಲ. ಹತ್ತಿ ಹತ್ತಿ 78ಕ್ಕೆ ಹೋಗಿ ಕೂತಿತು.

ಇದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಆದದ್ದು. ಕಾರು 2017ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ ಶಕ್ತಿ, 350 ಎನ್‌ಎಂ ಎಳೆತ, ತಾನೇ ಗೇರು ಬದಲಿಸುವ ಆರು ಗೇರಿನ ಡಿಎಸ್‌ಜಿ. ನಾನು ಎರಡನೇ ಮಾಲೀಕ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಲ್ಲ ಇದು, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಆರಾಮಾಗಿ ಕೂತು ಧರ್ಮಸ್ಥಳಕ್ಕೆ ಬರುತ್ತಾರೆ. ಆದರೆ ಸಂಬಳದಲ್ಲಿ ಬದುಕುವವರ ಕೈಗೆ ಎಟಕುವ ಸ್ಪೋರ್ಟ್ಸ್ ಕಾರು ಅಂದರೆ ಇಂಥದ್ದೇ.

ಟರ್ಬೊ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದು ಅದರ ಬುಡ ಮುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಬಿಸಿಯನ್ನು ಇಳಿಸುವುದೇ ಇಂಟರ್‌ಕೂಲರ್ ಕೆಲಸ. ಇಳಿಯದಿದ್ದರೆ ಎರಡು ನಷ್ಟ. ಒಂದು, ಬಿಸಿ ಗಾಳಿ ತೆಳ್ಳಗಿರುತ್ತದೆ, ಪ್ರತಿ 3 ಡಿಗ್ರಿಗೆ ಹೆಚ್ಚುಕಮ್ಮಿ ಶೇ 1ರಷ್ಟು ಗಾಳಿ ಕಮ್ಮಿ. ಎರಡನೆಯದು ಇದಕ್ಕಿಂತ ದೊಡ್ಡದು: ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಭಯಕ್ಕೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕಿಡಿ ಹಾರಿಸುವ ಗಳಿಗೆಯನ್ನು ತಡ ಮಾಡುತ್ತದೆ. ಅಲ್ಲಿಗೆ ಶಕ್ತಿ ಹೋಯಿತು.

ಬೆಂಗಳೂರಿನವರಿಗೆ ಒಂದು ಮಾತು. ನಮ್ಮ ಊರು ತಂಪು, ಇಲ್ಲಿ ಇಂಟರ್‌ಕೂಲರ್ ಚಿಂತೆ ಬೇಡ ಅಂತ ನಾನೂ ಅಂದುಕೊಂಡಿದ್ದೆ. ಕಾಗದ ಪೆನ್ನು ಹಿಡಿದು ಕೂತ ಮೇಲೆ ಬೇರೆಯೇ ಕಂಡಿತು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಇಂಜಿನ್ನಿಗೆ ಒಟ್ಟು 2.2 ಬಾರ್ ಬೇಕು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಚೆನ್ನೈಯಲ್ಲಿ ಟರ್ಬೊ ಗಾಳಿಯನ್ನು 2.17 ಪಟ್ಟು ಒತ್ತಿದರೆ ಸಾಕು, ಇಲ್ಲಿ 2.4 ಪಟ್ಟು ಒತ್ತಬೇಕು. ಟರ್ಬೊ ದಕ್ಷತೆ ಶೇ 70 ಅಂತ ಹಿಡಿದರೆ, 28 ಡಿಗ್ರಿಯ ಬೆಂಗಳೂರಿನಲ್ಲಿ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 150 ಡಿಗ್ರಿ. 36 ಡಿಗ್ರಿಯ ಚೆನ್ನೈಯಲ್ಲಿ ಸುಮಾರು 145! ಅಂದರೆ ನಮ್ಮ ತಂಪಿನ ಲಾಭವನ್ನೆಲ್ಲ ಎತ್ತರ ತಿಂದುಹಾಕುತ್ತದೆ. ನಮಗೆ ಉಳಿಯುವ ಅನುಕೂಲ ಇಂಟರ್‌ಕೂಲರ್ ಮೇಲೆ ಬೀಸುವ ಗಾಳಿ ತಂಪಾಗಿರುವುದೊಂದೇ.

ಅದು ಎಷ್ಟು ಬಿಸಿಯನ್ನು ಹೊರಹಾಕಬೇಕು? ಈ ಇಂಜಿನ್ ಪೂರ್ತಿ ಜೋರಿನಲ್ಲಿ ಸೆಕೆಂಡಿಗೆ ಸುಮಾರು 170 ಗ್ರಾಂ ಗಾಳಿ ಎಳೆಯುತ್ತದೆ. ಅದನ್ನು 150ರಿಂದ 52ಕ್ಕೆ ಇಳಿಸಬೇಕಾದರೆ 16 ಕಿಲೋವಾಟ್‌ಗಿಂತ ಜಾಸ್ತಿ ಬಿಸಿ ತೆಗೆಯಬೇಕು. ಬಚ್ಚಲುಮನೆಯ 2 ಕಿಲೋವಾಟ್ ಗೀಸರ್ ಎಂಟು ಸೇರಿದಷ್ಟು. ಬಂಪರ್ ಹಿಂದಿನ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಇಷ್ಟನ್ನೂ ಮಾಡಬೇಕು.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನಿಮ್ಮ ಕಾರಿನ ಇಂಟರ್‌ಕೂಲರ್ ಯಾವ ಜಾತಿಯದು ಅಂತ ಮೊದಲು ನೋಡಿಕೊಳ್ಳಿ. ಕಚೇರಿಯ ಹುಡುಗನೊಬ್ಬ ಪೋಲೋ ಜಿಟಿ ಟಿಎಸ್‌ಐ ಇಟ್ಟುಕೊಂಡಿದ್ದಾನೆ. "ನನಗೂ ಒಂದು ತರಿಸಿ ಸಾರ್" ಅಂದ. ಅವನ 1.2 ಲೀಟರ್ ಇಂಜಿನ್ನಿನಲ್ಲಿ ಇಂಟರ್‌ಕೂಲರ್, ಇಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿದೆ, ಅದನ್ನು ತಣಿಸುವುದು ನೀರು. ಮುಂದೆ ಗಾಳಿಗೆ ಒಡ್ಡಿದ ಪೆಟ್ಟಿಗೆಯೇ ಅಲ್ಲಿಲ್ಲ. ನನ್ನದು ಗಾಳಿಯಿಂದ ತಣಿಯುವ ಜಾತಿ. ಮುಂದೆ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್, ಹಿಂದೆ ಇಂಜಿನ್ ನೀರು ತಣಿಸುವ ರೇಡಿಯೇಟರ್, ನಡುವೆ ಸ್ಯಾಂಡ್‌ವಿಚ್‌ನ ಹೂರಣದ ಹಾಗೆ ಇಂಟರ್‌ಕೂಲರ್. ನಿಂತಾಗ 78ಕ್ಕೆ ಯಾಕೆ ಏರಿತು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಹಿಂದಿನ ರೇಡಿಯೇಟರ್ ಅದನ್ನು ಒಲೆಯ ಪಕ್ಕ ಇಟ್ಟ ಪಾತ್ರೆಯ ಹಾಗೆ ಕಾಯಿಸುತ್ತಿತ್ತು.

ಹೊಸದನ್ನು ಹುಡುಕಲು ಹೊರಟಾಗ ಕಂಡ ದಾರಿಗಳು ನಾಲ್ಕು. ಹೆಸರುವಾಸಿ ಕಂಪನಿಯದು ತರಿಸಿದರೆ ಸಾಗಣೆ, ಕಸ್ಟಮ್ಸ್, ತೆರಿಗೆ ಎಲ್ಲ ಸೇರಿ ಒಂದು ಲಕ್ಷ ದಾಟುತ್ತಿತ್ತು. ಹಾಕಿಸಿಕೊಂಡವರೆಲ್ಲ ಚೆನ್ನಾಗಿದೆ ಅಂತಲೇ ಹೇಳಿದರು. ಆದರೆ ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗುವವನು ನಾನು. ಅಷ್ಟು ದುಡ್ಡು ಬಂಪರ್ ಹಿಂದೆ ಹೂಳಲು ಮನಸ್ಸು ಬರಲಿಲ್ಲ.

ಬಳಸಿದ್ದು ಒಂದು ಸಿಕ್ಕಿತ್ತು, ಒಳ್ಳೆ ಕಂಪನಿಯದೇ, 55 ಸಾವಿರ. ನೋಡಲು ಹೋದೆ. ಒಳಗೆ ಬೆರಳು ಹಾಕಿದರೆ ಎಣ್ಣೆ ಜಿಡ್ಡು ಜಾಸ್ತಿಯೇ ಬಂತು. ಕಾರಿನ ಟರ್ಬೊ ಹೋಗಿತ್ತಾ ಅಂತ ಕೇಳಿದೆ. ಮಾರುವವರು ಮಾತು ಬದಲಿಸಿದರು. ಟರ್ಬೊ ಚೂರಾದಾಗ ಲೋಹದ ಪುಡಿ ಹೋಗಿ ಸೇರುವುದು ಇಂಟರ್‌ಕೂಲರ್ ಒಳಗೆ. ಫಿನ್ನುಗಳ, ಅಂದರೆ ತೆಳು ಲೋಹದ ಎಸಳುಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದು ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಇನ್ನೊಂದು ಕಾರಿಗೆ ಹಾಕಿದ ಮೇಲೆ ಒಂದೊಂದೇ ಚೂರು ಇಂಜಿನ್ ಕಡೆ ಹೊರಡುತ್ತದೆ. ಕೈ ಮುಗಿದು ಬಂದೆ.

ಮೂರನೆಯದು ಇಲ್ಲೇ ಮಾಡಿಸುವುದು. ಜೆ.ಸಿ. ರಸ್ತೆಯ ರೇಡಿಯೇಟರ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ಟೆಂಪೊ ಕೋರ್ ಕಟ್ ಮಾಡಿ, ಎರಡು ಕಡೆ ಟ್ಯಾಂಕ್ ಕಟ್ಟಿ ಕೊಡ್ತೀನಿ ಸಾರ್, ಹನ್ನೆರಡು ಸಾವಿರ" ಅಂದರು. ಕೋರ್ ಅಂದರೆ ಗಾಳಿ ತಣಿಯುವ ನಡುವಿನ ಭಾಗ, ಟ್ಯಾಂಕ್ ಅಂದರೆ ಅದರ ಎರಡು ತುದಿಯ ಡಬ್ಬಿ. ಕೆಲಸ ಗೊತ್ತಿದ್ದವರೇ. ಆದರೆ ಈ ಕಾರಿನ ಪೈಪುಗಳಿಗೆ ಬರೀ ಹೋಸ್ ಕ್ಲಾಂಪ್ ಸಾಲದು, ಒಳಗೆ ರಬ್ಬರ್ ಬಳೆಯಂಥ ಓ-ರಿಂಗ್, ಹೊರಗೆ ಸ್ಪ್ರಿಂಗ್ ಕ್ಲಿಪ್ ಇರುವ ಜೋಡಣೆ. ಆ ಬಾಯಿಯನ್ನು ಕೈಯಲ್ಲಿ ಮಾಡುವುದು ಕಷ್ಟ. ಗೆಳೆಯನೊಬ್ಬ ಲಿನಿಯಾ ಟಿ-ಜೆಟ್‌ಗೆ ಬೇರೊಂದು ಕಡೆ ಹೀಗೆ ಮಾಡಿಸಿದ್ದ. ಆರು ತಿಂಗಳಲ್ಲಿ ಬೆಸುಗೆ ಬಿಟ್ಟಿತು.

ನಾಲ್ಕನೆಯದು ಚೀನಾದಿಂದ ಬರುವ, ಹೆಸರಿಲ್ಲದ ಪ್ರತಿ. ಮನೆ ಬಾಗಿಲಿಗೆ 27,500. ಇದನ್ನೇ ತರಿಸಿದೆ.

ಆದರೆ ಅದು ಬರಲು ಐದು ವಾರ ಹಿಡಿಯಿತು. ಆ ಐದು ವಾರದಲ್ಲಿ ಆದ ಕೆಲಸವೇ ನನ್ನ ಪ್ರಕಾರ ಈ ಕಥೆಯ ಅರ್ಧ.

ಕಾಯುವ ಹೊತ್ತಿನಲ್ಲಿ ಸುಮ್ನೆ ಇರಲಾರದೆ ಒಂದು ಭಾನುವಾರ ಬಂಪರ್ ಬಿಚ್ಚಿದೆ. ಟಿ25 ಟಾರ್ಕ್ಸ್ ಬಿಟ್, ಚಕ್ರದ ಕಮಾನಿನ ಒಳಗಿನ ಸ್ಕ್ರೂಗಳು, ಪಾರ್ಕಿಂಗ್ ಸೆನ್ಸರ್ ಮತ್ತು ಫಾಗ್ ಲ್ಯಾಂಪ್ ವೈರು. ಬಂಪರನ್ನು ಹಳೆ ಕಂಬಳಿ ಮೇಲೆ ಮಲಗಿಸಿ ಎದುರಿಗೆ ಕೂತು ನೋಡಿದೆ. ಕಂಡೆನ್ಸರ್ ಕೆಳಗಿನ ಮೂರನೇ ಒಂದು ಭಾಗದ ಫಿನ್ನುಗಳು ಮಡಚಿ ಮಲಗಿವೆ. ಹೆದ್ದಾರಿಯ ಕಲ್ಲು, ಹುಳ, ಯಾವನೋ ಜೆಟ್ ನೀರು ಹೊಡೆದ ಗುರುತು. ಅದರ ಹಿಂದೆ ಒಣ ಎಲೆ, ನೂಲು, ಅರ್ಧ ಚಿಪ್ಸ್ ಕವರ್. ಅದಕ್ಕಿಂತ ಮುಖ್ಯವಾಗಿ ಎಡಬದಿಯ ಪ್ಲಾಸ್ಟಿಕ್ ಗಾಳಿ ತಡೆ ಇರಲೇ ಇಲ್ಲ. ಹಿಂದೆ ಯಾವಾಗಲೋ ಬಂಪರ್ ಬಿಚ್ಚಿದವರು ವಾಪಸ್ ಹಾಕಿಲ್ಲ. ಅಲ್ಲಿ ನಾಲ್ಕು ಬೆರಳು ಅಗಲದ ಸಂದಿ.

ಗಾಳಿ ಸೋಮಾರಿ. ಮೂರು ಪದರ ಫಿನ್ನು ದಾಟಿ ಹೋಗುವ ಬದಲು ಪಕ್ಕದ ಸಂದಿಯಲ್ಲಿ ನುಸುಳಿಬಿಡುತ್ತದೆ. ಗ್ರಿಲ್ ತುಂಬ ಗಾಳಿ ಬಂದರೂ ಇಂಟರ್‌ಕೂಲರ್ ಪಾಲಿಗೆ ಸಿಗುವುದು ಉಳಿದದ್ದು.

ಎಸಿ ರಿಪೇರಿಯವರು ಬಳಸುವ ಫಿನ್ ಬಾಚಣಿಗೆ 350 ರೂಪಾಯಿ. ಎರಡು ಗಂಟೆ ಕೂತು ಒಂದೊಂದೇ ಸಾಲು ಬಾಚಿದೆ. ಅಕ್ಕಿ ಆರಿಸುವ ತಾಳ್ಮೆ ಬೇಕು. ತೋಟಕ್ಕೆ ನೀರು ಬಿಡುವ ಪೈಪಿನಿಂದ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟೆ. ಅರ್ಧ ಗಂಟೆ ಕಂದು ನೀರೇ ಬಂತು. ಎಸ್.ಪಿ. ರಸ್ತೆಯಿಂದ ತಂದ ಕಪ್ಪು ಫೋಮ್ ಪಟ್ಟಿ, 25 ಮಿ.ಮೀ. ದಪ್ಪದ್ದು, ನೀರು ಹೀರದ ಜಾತಿ, 400 ರೂಪಾಯಿ. ನಾಲ್ಕೂ ಅಂಚಿಗೆ ಅಂಟಿಸಿ ಸಂದಿ ಮುಚ್ಚಿದೆ. ಇಲ್ಲದ ಪ್ಲಾಸ್ಟಿಕ್ ತಡೆಯನ್ನು ಹಳೆ ನಂಬರ್ ಪ್ಲೇಟಿನ ಅಲ್ಯೂಮಿನಿಯಂ ಹಾಳೆ ಬಗ್ಗಿಸಿ ಮಾಡಿಕೊಂಡೆ.

ಅಳತೆಗೆ ನಾನು ಇಟ್ಟುಕೊಂಡ ಕ್ರಮ ಇದು. ದೇವನಹಳ್ಳಿ ಆಚೆಯ ಖಾಲಿ ರಸ್ತೆ, ಬೆಳಿಗ್ಗೆ, ಹೊರಗೆ 28 ಡಿಗ್ರಿ. ಎರಡನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಜೋರಾಗಿ ಎಳೆಯುವುದು, ವೇಗ 80 ಕಿ.ಮೀ. ದಾಟುವ ಮೊದಲು ಬಿಡುವುದು. ಒಂದರ ಹಿಂದೆ ಒಂದು ಐದು ಸಲ. ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಒಬಿಡಿ ಡಾಂಗಲ್, ಒಳಹೋಗುವ ಗಾಳಿಯ ಬಿಸಿಯನ್ನು ಫೋನಿಗೆ ಬರೆಯುತ್ತದೆ. ಮೊದಲಿದ್ದ ಸ್ಥಿತಿಯಲ್ಲಿ 34ರಿಂದ ಶುರುವಾಗಿ 52ಕ್ಕೆ ಮುಟ್ಟಿತ್ತು. ಬಾಚಿ, ತೊಳೆದು, ಸಂದಿ ಮುಚ್ಚಿದ ಮೇಲೆ 34ರಿಂದ 46. ಆರು ಡಿಗ್ರಿ! 750 ರೂಪಾಯಿಗೆ. ಆಗ ಒಂದು ಕ್ಷಣ, ಬರುತ್ತಿರುವ 27,500ರ ಪೆಟ್ಟಿಗೆ ಬೇಕಿತ್ತಾ ಅನ್ನಿಸಿದ್ದು ನಿಜ.

ಐದನೇ ವಾರ ಪೆಟ್ಟಿಗೆ ಬಂತು. ಹೊರಗಿನ ರಟ್ಟು ಒಂದು ಮೂಲೆಯಲ್ಲಿ ಜಜ್ಜಿದೆ, ಒಳಗಿನದಕ್ಕೆ ಪುಣ್ಯಕ್ಕೆ ಏಟಾಗಿಲ್ಲ. ಲಗೇಜ್ ತೂಗುವ ಕೊಕ್ಕೆಗೆ ನೇತು ಹಾಕಿದೆ: 8.6 ಕೆ.ಜಿ. ಆಮೇಲೆ ಬಿಚ್ಚಿ ತೂಗಿದ ಮೂಲ ಇಂಟರ್‌ಕೂಲರ್ ಅದರ ಅರ್ಧಕ್ಕಿಂತ ಕಮ್ಮಿ ಇತ್ತು. ಮೂಲದ್ದು ತೆಳು ಕೊಳವೆಯ ಕೋರ್, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕ್. ಹೊಸದು ದಪ್ಪ ಪಟ್ಟಿಗಳನ್ನು ಪೇರಿಸಿ ಬೆಸೆದ ಬಾರ್ ಅಂಡ್ ಪ್ಲೇಟ್ ಕೋರ್, ಎರಕದ ಅಲ್ಯೂಮಿನಿಯಂ ಟ್ಯಾಂಕ್, ದಪ್ಪ 50 ಮಿ.ಮೀ.

ತೂಕ ಜಾಸ್ತಿ ಇರುವುದು ಇಲ್ಲಿ ಗುಣವೇ. 16 ಕಿಲೋವಾಟ್ ಬಿಸಿ ಬಂದು ಬೀಳುವಾಗ ಹೊರಗಿನ ಗಾಳಿ ಒಂದಿಷ್ಟೂ ಇಲ್ಲ ಅಂತ ಊಹಿಸಿ. ನಾಲ್ಕು ಕೆ.ಜಿ. ಅಲ್ಯೂಮಿನಿಯಂ ಸೆಕೆಂಡಿಗೆ ನಾಲ್ಕು ಡಿಗ್ರಿಗಿಂತ ಜಾಸ್ತಿ ಏರುತ್ತದೆ, ಎಂಟೂವರೆ ಕೆ.ಜಿ.ಯದು ಎರಡು ಡಿಗ್ರಿ. ಒಂದೆರಡು ಜೋರಿನ ಎಳೆತಕ್ಕೆ ಅದು ಬಿಸಿಯನ್ನು ಹೀರಿಕೊಂಡು ಕೂರುತ್ತದೆ. ಹಾಗಂತ 70, 80 ಮಿ.ಮೀ. ದಪ್ಪದ್ದು ಕೊಳ್ಳಬೇಡಿ. ಮುಂದಿನ ಸಾಲುಗಳಲ್ಲೇ ಬಿಸಿಯಾದ ಗಾಳಿ ಹಿಂದಿನ ಸಾಲನ್ನು ಏನು ತಣಿಸೀತು? ಅದೇ ಬಿಸಿ ಗಾಳಿ ರೇಡಿಯೇಟರಿಗೂ ಹೋಗಬೇಕು. ಅದೂ ಅಲ್ಲದೆ ಅಷ್ಟು ದಪ್ಪದ್ದು ಕೂರಿಸಲು ಪ್ಲಾಸ್ಟಿಕ್ ಕತ್ತರಿಸಬೇಕಾಗುತ್ತದೆ.

ಟಾರ್ಚ್ ಹಿಡಿದು ಒಳಗೆ ನೋಡಿದೆ. ಒಂದು ಟ್ಯಾಂಕಿನ ಬಾಯಿಯ ಹತ್ತಿರ ಎರಕದ ಅಂಚು ಉಗುರಿನಷ್ಟು ಎದ್ದು ನಿಂತಿತ್ತು. ಮೂಲೆಯಲ್ಲಿ ಅಲ್ಯೂಮಿನಿಯಂ ಚೂರು ಮೂರ್ನಾಲ್ಕು. ಹಾಗೇ ಹಾಕಿದ್ದರೆ ಅವು ನೇರ ಇಂಜಿನ್ ಒಳಗೆ.

ಸೋರಿಕೆ ನೋಡುವ ಸಾಮಾನು ಮನೆಯಲ್ಲೇ ಮಾಡಿದೆ. ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪ್ ಎರಡು, ಒಂದಕ್ಕೆ ತೂತು ಕೊರೆದು ಪಂಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್, ಸುತ್ತ ಎಂ-ಸೀಲ್. ರಬ್ಬರ್ ಹೋಸ್ ತುಂಡಿನಿಂದ ಬಾಯಿಗೆ ಸೇರಿಸಿ ಕ್ಲಾಂಪ್ ಬಿಗಿದೆ. ಟೈರಿಗೆ ಗಾಳಿ ಹಾಕುವ ಸಣ್ಣ ಪಂಪ್ ಚಾಲೂ ಮಾಡಿದೆ. 10 ಪಿಎಸ್‌ಐ ಮುಟ್ಟುತ್ತಿದ್ದ ಹಾಗೆ ಇನ್ನೊಂದು ಬದಿಯ ಕ್ಯಾಪ್ ಢಂ ಅಂತ ಹಾರಿ ದಾಸವಾಳದ ಕುಂಡ ಒಡೆಯಿತು. ಒಳಗಿನಿಂದ ಅಮ್ಮ "ಏನೋ ಅದು?" ಅಂದರು. ಏನಿಲ್ಲ ಅಂದೆ. ನೀವು ಮಾಡುವುದಾದರೆ ಎರಡೂ ಕ್ಯಾಪುಗಳನ್ನು ಲಗೇಜ್ ಬೆಲ್ಟಿನಿಂದ ಅಡ್ಡ ಕಟ್ಟಿ, ಎದುರಿಗೆ ಯಾರೂ ನಿಲ್ಲಬೇಡಿ, 15 ಪಿಎಸ್‌ಐ ದಾಟಬೇಡಿ.

ಎರಡನೇ ಸಲ 15ಕ್ಕೆ ಏರಿಸಿ ಪಂಪ್ ನಿಲ್ಲಿಸಿದೆ. ಎರಡು ನಿಮಿಷದಲ್ಲಿ ಮುಳ್ಳು 9ಕ್ಕೆ ಬಂತು. ಪಾತ್ರೆ ತೊಳೆಯುವ ಲಿಕ್ವಿಡ್ ನೀರಲ್ಲಿ ಕಲಸಿ ಪೇಂಟ್ ಬ್ರಷ್‌ನಿಂದ ಬಳಿಯುತ್ತಾ ಹೋದೆ. ಕೋರ್ ಚೆನ್ನಾಗಿದೆ. ಬೆಸುಗೆ ಸಾಲು ಚೆನ್ನಾಗಿದೆ. ಬಲಗಡೆ ಟ್ಯಾಂಕಿನ ಬಾಗಿದ ಜಾಗ, ಎರಕ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿದ್ದ ಕಡೆ, ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. ಮೊದಲು ಎರಡು, ಆಮೇಲೆ ಗೊಂಚಲು. ಒರೆಸಿದರೆ ಮತ್ತೆ ಅದೇ ಜಾಗ. ಬಿರುಕಲ್ಲ, ಎರಕದೊಳಗೇ ಸೂಜಿಮೊನೆಯಷ್ಟು ತೂತುಗಳು.

ಮಾರಿದವರಿಗೆ ವಿಡಿಯೊ ಕಳಿಸಿದೆ. ವಾಪಸ್ ಕಳಿಸಿ, ಸಾಗಣೆ ಖರ್ಚು ನಿಮ್ಮದು ಅಂದರು. ಆ ಖರ್ಚು ಒಂಬತ್ತು ಸಾವಿರ. ನಾಲ್ಕು ದಿನ ಚೌಕಾಸಿ ಮಾಡಿ 2,000 ರೂಪಾಯಿ ವಾಪಸ್ ಪಡೆದೆ.

ಪೀಣ್ಯದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಹಿರಿಯರೊಬ್ಬರ ಹತ್ತಿರ ಹೊತ್ತುಕೊಂಡು ಹೋದೆ. ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ತಟ್ಟಿದರು.

"ಕೋರ್ ಒಳ್ಳೇದಿದೆ ಸಾರ್. ಟ್ಯಾಂಕ್ ಎರಕ ಸರಿಯಿಲ್ಲ. ಮೇಲೆ ಮೇಲೆ ಹಾಕಿದ್ರೆ ನಿಲ್ಲಲ್ಲ."

"ಮತ್ತೇನ್ ಮಾಡೋದು?"

"ತೂತು ಇರೋ ಜಾಗ ತೋಡಿ ತೆಗೀಬೇಕು. ಒಳ್ಳೆ ಲೋಹ ಸಿಗೋವರೆಗೂ."

ಸಣ್ಣ ಬರ್‌ನಿಂದ ಎರಡು ರೂಪಾಯಿ ನಾಣ್ಯದಷ್ಟು ಜಾಗ ತೋಡಿದರು. ಬೂದು ಬಣ್ಣ ಹೋಗಿ ಬೆಳ್ಳಿಯಂಥ ಲೋಹ ಕಾಣುವವರೆಗೆ ಬಿಡಲಿಲ್ಲ. ಅಸಿಟೋನ್ ಹಾಕಿ ಒರೆಸಿದರು. ಗ್ಯಾಸ್ ಬರ್ನರ್‌ನಿಂದ ಇಡೀ ಟ್ಯಾಂಕನ್ನು ಬೆಚ್ಚಗೆ ಮಾಡಿದರು, ತಣ್ಣಗಿನ ಎರಕಕ್ಕೆ ನೇರ ಕಾವು ಕೊಟ್ಟರೆ ಸೀಳುತ್ತದಂತೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ಕಪ್ಪು ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ಸುಮ್ಮನೆ ಇದ್ದ ಜಾಗ ಇದ್ದಕ್ಕಿದ್ದಂತೆ ಪಾದರಸದ ಹನಿಯ ಹಾಗೆ ಹೊಳೆಯಿತು. ಆ ಗಳಿಗೆಗೇ ಕಡ್ಡಿಯ ತುದಿ ತಾಗಿಸಿ ತೆಗೆದರು. ಎರಕಕ್ಕೆ 4043 ಕಡ್ಡಿ, ಅದರಲ್ಲಿ ಸಿಲಿಕಾನ್ ಇದೆ, ಚೆನ್ನಾಗಿ ಹರಿಯುತ್ತದೆ. ಹತ್ತು ನಿಮಿಷದ ಕೆಲಸ, ಅದಕ್ಕೆ ನಲವತ್ತು ನಿಮಿಷದ ತಯಾರಿ. ಒಳಗಿನ ಎದ್ದ ಅಂಚನ್ನೂ ಅರದಿಂದ ಉಜ್ಜಿ ಕೊಟ್ಟರು. 1,200 ತೆಗೆದುಕೊಂಡರು.

ಮನೆಗೆ ಬಂದು ಮತ್ತೆ ಗಾಳಿ ತುಂಬಿದೆ. ಹದಿನೈದು ನಿಮಿಷ ಬಿಟ್ಟರೂ ಮುಳ್ಳು ಅಲುಗಲಿಲ್ಲ. ಆಮೇಲೆ ಒಳಗೆ ತೊಳೆಯುವುದು. ಥಿನ್ನರ್ ಹಾಕಿ ಕುಲುಕಿ ಸುರಿ, ಸೋಪು ನೀರು, ಬರೀ ನೀರು, ಗಾಳಿ ಊದು. ಬಿಳಿ ಪಂಚೆ ತುಂಡಿನ ಮೇಲೆ ಸುರಿದು ನೋಡಿದರೆ ಮೊದಲ ಸಲ ಕರೀ ಪುಡಿ. ಏಳನೇ ಸಲಕ್ಕೆ ಪಂಚೆ ಬಿಳಿಯಾಗೇ ಉಳಿಯಿತು.

ಹಾಕುವ ದಿನ ಭಾವಮೈದ ಬಂದ. ಮಗ್ಗುಲಲ್ಲಿ ಇನ್ನೊಂದು ಜೊತೆ ಕೈ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬಂಪರ್, ಅದರ ಹಿಂದಿನ ಅಡ್ಡಪಟ್ಟಿ ತೆಗೆದ ಮೇಲೆ ಇಡೀ ಮುಂಭಾಗದ ಚೌಕಟ್ಟನ್ನು ಉದ್ದದ ಥ್ರೆಡ್ ರಾಡ್‌ಗಳ ಮೇಲೆ ಮುಂದಕ್ಕೆ ಎಳೆದುಕೊಳ್ಳಬೇಕು. ಅಂಗೈ ಅಗಲ ಜಾಗ ಸಿಗುತ್ತದೆ. ಎಸಿ ಗ್ಯಾಸ್ ಬಿಡಲಿಲ್ಲ, ಕೂಲೆಂಟ್ ಇಳಿಸಲಿಲ್ಲ. ಕಂಡೆನ್ಸರನ್ನು ಕೇಬಲ್ ಟೈನಿಂದ ತೂಗುಹಾಕಿ ಇಂಟರ್‌ಕೂಲರನ್ನು ಕೆಳಗಿನಿಂದ ಜಾರಿಸಿ ತೆಗೆದೆವು. ಹಳೆಯದನ್ನು ಓರೆ ಮಾಡಿದಾಗ ಒಂದು ಚಮಚೆ ಎಣ್ಣೆ ಬಂತು. ಗಾಬರಿ ಬೇಡ, ಇಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸ್ ಉಸಿರಾಡುವ ಹಾದಿಯಿಂದ ಅಷ್ಟು ಬರುವುದು ಮಾಮೂಲು.

ನೇರ ಕೂರುತ್ತದೆ ಅಂತ ಜಾಹೀರಾತಿನಲ್ಲಿ ಬರೆದಿತ್ತು. ಕೂರಲಿಲ್ಲ. ಒಂದು ಕಿವಿಯ ತೂತು ಎರಡು ಮಿ.ಮೀ. ಆಚೆ. ದುಂಡು ಅರ ಹಿಡಿದು ಅರ್ಧ ಗಂಟೆ. ಜೊತೆಗೆ ಕೊಟ್ಟಿದ್ದ ಓ-ರಿಂಗ್‌ಗಳು ಬೆರಳಲ್ಲಿ ಹಿಚುಕಿದರೆ ವಾಪಸ್ ಎದ್ದೇಳದ ಜಾತಿಯವು. ಅವನ್ನು ಕಸಕ್ಕೆ ಹಾಕಿ ಕಂಪನಿಯ ಸೀಲ್‌ಗಳನ್ನು ತಂದಿಟ್ಟುಕೊಂಡಿದ್ದೆ, 1,800 ರೂಪಾಯಿ. ಇಲ್ಲಿ ಜಿಪುಣತನ ಮಾಡಬೇಡಿ. ಫೋಮ್ ಪಟ್ಟಿಗಳನ್ನೂ ಹೊಸ ಅಳತೆಗೆ ಕತ್ತರಿಸಿ ಮತ್ತೆ ಅಂಟಿಸಿದೆವು.

ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು ಸಂಜೆ ಆರೂವರೆಗೆ ಮುಗಿಯಿತು. ಮೊದಲ ಸುತ್ತಿಗೆ ಹೊರಟರೆ ಎರಡನೇ ಗೇರಿನಲ್ಲಿ ಬುಸ್ಸ್ ಅಂತ ಪ್ರೆಶರ್ ಕುಕ್ಕರ್ ಸದ್ದು. ಕಾರು ಮಾರುತಿ 800ರ ಹಾಗೆ. ಚೆಕ್ ಇಂಜಿನ್ ದೀಪ. ಓದಿದರೆ ಪಿ0299, ಅಂದರೆ ಟರ್ಬೊ ಒತ್ತಡ ಸಾಲದು.

"ಭಾವ, ಎಡಗಡೆ ಕ್ಲಿಪ್ ಟಕ್ ಅಂದಿತ್ತಾ?"

"ಅಂದಿತ್ತಲ್ಲಪ್ಪ."

"ನಾನು ಕೇಳಿಸ್ಕೊಂಡಿಲ್ಲ."

ಅವನೇ ಸರಿ. ಸ್ಪ್ರಿಂಗ್ ಕ್ಲಿಪ್ಪಿನ ಒಂದು ಕಾಲು ಮಾತ್ರ ಕಚ್ಚಿತ್ತು. ಕೆಳಗೆ ಮಲಗಿ ಒತ್ತಿದೆ, ಟಕ್ ಅಂತು. ಅಂದಿನಿಂದ ನನ್ನ ಪದ್ಧತಿ: ಕ್ಲಿಪ್ ಕೂತ ಮೇಲೆ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುವುದು.

ಮಾರನೇ ವಾರ ಅದೇ ರಸ್ತೆ, ಅದೇ ಹೊತ್ತು, ಅದೇ 28 ಡಿಗ್ರಿ, ಐದು ಎಳೆತ. 33ರಿಂದ 40. ಮೊದಲು 52 ಇದ್ದದ್ದು. ಆ ಹನ್ನೆರಡರಲ್ಲಿ ಆರು ಡಿಗ್ರಿ ಬಾಚಣಿಗೆ ಮತ್ತು ಫೋಮಿನದು, ಆರು ಡಿಗ್ರಿ ಹೊಸ ಕೋರಿನದು. ಒಂದಕ್ಕೆ 750, ಇನ್ನೊಂದಕ್ಕೆ ಮೂವತ್ತು ಸಾವಿರದ ಹತ್ತಿರ. ಬರೀ ಊರಲ್ಲಿ ಓಡಿಸುವವರು ಯಾರಾದರೂ ಕೇಳಿದರೆ ಬಾಚಣಿಗೆ ಕೊಳ್ಳಿ ಅನ್ನುತ್ತೇನೆ. ಆಮೇಲೆ 91 ಆಕ್ಟೇನ್ ಪೆಟ್ರೋಲ್ ಬಿಟ್ಟು 95ರದ್ದು ಹಾಕಿ ನೋಡಿ ಅನ್ನುತ್ತೇನೆ. ಇಂಟರ್‌ಕೂಲರ್ ಮಾತು ಅದಾದ ಮೇಲೆ.

ಟ್ರ್ಯಾಕಿನಲ್ಲಿ ಮಾತ್ರ ಲೆಕ್ಕ ಬೇರೆ. ಎರಡು ತಿಂಗಳ ನಂತರ ಮತ್ತೆ ಇರುಂಗಾಟ್ಟುಕೋಟೈ, ಈ ಸಲ 35 ಡಿಗ್ರಿ. ಮೂರನೇ ಸುತ್ತಿಗೆ 50, ಐದನೆಯದಕ್ಕೆ 53, ಅಲ್ಲೇ ನಿಂತಿತು. ಹಿಂದೆ ಮೂರನೇ ಸುತ್ತಿನಲ್ಲೇ ಸೋತಿದ್ದ ಕಾರು ಐದನೇ ಸುತ್ತಿನಲ್ಲೂ ಮೊದಲಿನಂತೆಯೇ ಎಳೆಯಿತು. ಬರೀ ಬಾಚಿ ತೊಳೆದದ್ದರಿಂದ ಇದು ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು. ಐದು ಸುತ್ತು ನಿರಂತರ ಬಿಸಿ ತಿನ್ನಲು ಲೋಹವೂ ಬೇಕು, ಗಾಳಿಗೆ ಒಡ್ಡಿದ ಅಗಲ ಮೈಯೂ ಬೇಕು.

ದೊಡ್ಡ ಕೋರ್ ಹಾಕಿದರೆ ಟರ್ಬೊ ತಡವಾಗುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಒಳಗೆ ನಾಲ್ಕು ಲೀಟರ್ ಜಾಗ ಜಾಸ್ತಿ ಆಯಿತು ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಅದನ್ನು ತುಂಬಲು ಕಮ್ಮಿ ವೇಗದಲ್ಲೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ನನ್ನ ಕಾಲಿಗಂತೂ ಗೊತ್ತಾಗಲಿಲ್ಲ.

ಕೆಟ್ಟದ್ದೂ ಇದೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಅರ್ಧ ಗಂಟೆ ನಿಂತರೆ ಹಳೆಯದು 53 ತೋರಿಸುತ್ತಿತ್ತು, ಇದು 55. ದಪ್ಪ ಲೋಹ ನಿಧಾನವಾಗಿ ಕಾಯುತ್ತದೆ ಸರಿ, ಒಮ್ಮೆ ಕಾದ ಮೇಲೆ ಆರುವುದೂ ನಿಧಾನ. ಜಾಮ್ ಬಿಟ್ಟ ಮೇಲೆ ಒಂದೆರಡು ಕಿ.ಮೀ. ಓಡಿದ ಮೇಲಷ್ಟೇ ಇಳಿಯುತ್ತದೆ. ಎಸಿ ತಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೂಲೆಂಟ್ ಬಿಸಿಯನ್ನು ಚಾರ್ಮಾಡಿ ಹತ್ತುವಾಗ ಪೂರ್ತಿ ನೋಡುತ್ತಾ ಹೋದೆ, ಮುಂಚಿನಷ್ಟೇ ಇತ್ತು. ಹಿಂದೆ ಕೂತಿದ್ದ ಮಾವ, "ರಸ್ತೆ ನೋಡಪ್ಪ, ಫೋನ್ ನಾನ್ ನೋಡ್ತೀನಿ" ಅಂತ ಕಿತ್ತುಕೊಂಡು, ಕೊಟ್ಟಿಗೆಹಾರದವರೆಗೂ ಅಂಕಿ ಓದುತ್ತಾ ಬಂದರು.

ಖರ್ಚು ಬರೆದಿಟ್ಟದ್ದು: ಇಂಟರ್‌ಕೂಲರ್ 27,500, ವಾಪಸ್ ಬಂದ 2,000 ಕಳೆದರೆ 25,500. ವೆಲ್ಡಿಂಗ್ 1,200. ಸೀಲ್ 1,800. ಬಂಪರ್ ಕ್ಲಿಪ್ಪು, ಥ್ರೆಡ್ ರಾಡ್, ಕ್ಯಾಪು, ಎಂ-ಸೀಲ್ ಎಲ್ಲ ಸೇರಿ 1,400. ಬಾಚಣಿಗೆ, ಫೋಮ್ 750. ದಾಸವಾಳದ ಕುಂಡ 180. ಒಟ್ಟು 30,830, ಜೊತೆಗೆ ನಾಲ್ಕು ಭಾನುವಾರ. ವಾರಂಟಿ ಮುಗಿದಿತ್ತು. ವಿಮೆಯವರಿಗೆ ಬದಲಾವಣೆ ಬಗ್ಗೆ ಇಮೇಲ್ ಮಾಡಿ ಅದರ ಪ್ರತಿ ಇಟ್ಟುಕೊಂಡಿದ್ದೇನೆ. ಹಳೆ ಇಂಟರ್‌ಕೂಲರ್ ಎರಡೂ ಬಾಯಿಗೆ ಬಟ್ಟೆ ತುರುಕಿ, ಪೇಪರ್ ಸುತ್ತಿ, ಅಟ್ಟದ ಮೇಲೆ ಗೌರಿ ಹಬ್ಬದ ಮಂಟಪದ ಪಕ್ಕದಲ್ಲಿದೆ. ಕಾರು ಮಾರುವ ದಿನ ಬೇಕಾಗಬಹುದು.

1,500 ಕಿ.ಮೀ. ಆದ ಮೇಲೆ ಮೊನ್ನೆ ಕೆಳಗಿನ ಕವರ್ ಬಿಚ್ಚಿ ನೋಡಿದೆ. ವೆಲ್ಡಿಂಗ್ ಜಾಗ ಒಣಗಿದೆ, ಎಣ್ಣೆ ಪಸೆ ಇಲ್ಲ. ಕ್ಲಿಪ್ಪುಗಳು ಗಟ್ಟಿಯಾಗಿವೆ. ಎಡಗಡೆ ಕೆಳಗಿನ ಫೋಮ್ ಪಟ್ಟಿ ಮಾತ್ರ ಅಂಟು ಬಿಟ್ಟು ನಾಲಿಗೆಯ ಹಾಗೆ ಜೋತಾಡುತ್ತಿತ್ತು. ಹಳೆ ಅಂಟನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದು, ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಹಳದಿ ಗಮ್ ಹಚ್ಚಿದ್ದೇನೆ.